ವಿಜ್ಞಾನ ಮಂದಿರ ಮತ್ತು ದಾನದ ಸ್ಮೃತಿ: ಭಾರತೀಯ ವಿಜ್ಞಾನ ಸಂಸ್ಥೆಯ ಸ್ಥಾಪನೆಯಲ್ಲಿ ಮೈಸೂರು ಸಂಸ್ಥಾನದ ಪಾಲು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಗರದ ಹಳೆಯ ನಿವಾಸಿಗಳು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಬಸ್ಸಿನ ನಿರ್ವಾಹಕರ ಬಾಯಲ್ಲಿಯೂ ಆಟೋ ಚಾಲಕರ ಬಾಯಲ್ಲಿಯೂ ಉಳಿದಿರುವುದು ಇದೇ ಹೆಸರು. 1909ರಲ್ಲಿ ಕಾನೂನುಬದ್ಧವಾಗಿ ಅಸ್ತಿತ್ವಕ್ಕೆ ಬಂದ ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ಟಾಟಾ ಎಂಬ ಪದವಿಲ್ಲ. ತನ್ನ ಹೆಸರು ಸಂಸ್ಥೆಗೆ ಅಂಟಿಕೊಳ್ಳಬಾರದೆಂಬುದು ಸ್ವತಃ ಜಮ್‌ಶೆಟ್‌ಜಿ ನಸರ್ವಾನ್‌ಜಿ ಟಾಟಾ ಅವರ ಅಪೇಕ್ಷೆಯಾಗಿತ್ತು. ದಾನಿಯು ಬೇಡವೆಂದ ಹೆಸರನ್ನು ಜನರು ಉಳಿಸಿಕೊಂಡರು. ಆದರೆ ಅದೇ ಸಂಸ್ಥೆಗೆ ನೆಲವನ್ನೂ ಕಟ್ಟಡಕ್ಕೆ ಹಣವನ್ನೂ ಒದಗಿಸಿದ ಮೈಸೂರು ಸಂಸ್ಥಾನದ ಹೆಸರು ಜನರ ಮಾತಿನಲ್ಲಿ ಉಳಿಯಲಿಲ್ಲ. ಹೀಗೇಕಾಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಸಂಸ್ಥೆಯ ಹಣಕಾಸು ಮತ್ತು ಕಟ್ಟಡ ನಿರ್ಮಾಣದ ಇತಿಹಾಸವನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಾನದ ದೇಶೀ ಮಾದರಿ

ವಿಜ್ಞಾನ ಸಂಸ್ಥೆಯ ದಾನಪತ್ರಗಳನ್ನು ನೋಡುವ ಮೊದಲು, ಸಾರ್ವಜನಿಕ ನಿರ್ಮಾಣವೊಂದನ್ನು ನಮ್ಮ ಗ್ರಾಮ ಸಮಾಜ ಹೇಗೆ ನೆನಪಿನಲ್ಲಿಟ್ಟುಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಕಪಿಲಾ ನದಿಗೆ ಅಡ್ಡಲಾಗಿ ಪ್ರಾಚೀನವಾದ ಅಣೆಕಟ್ಟೆಯೊಂದಿದೆ. ಅಲ್ಲಿಂದ ಹೊರಡುವ ಹುಲ್ಲಹಳ್ಳಿ ನಾಲೆ ಮತ್ತು ರಾಂಪುರ ನಾಲೆಗಳು ಹಲವು ತಲೆಮಾರುಗಳಿಂದ ಸುತ್ತಲ ಗದ್ದೆಗಳಿಗೆ ನೀರುಣಿಸುತ್ತ ಬಂದಿವೆ. ಇಂತಹ ಕಟ್ಟೆ, ಕೆರೆಗಳ ವಿಷಯದಲ್ಲಿ ಜನರ ಸ್ಮೃತಿ ಎರಡು ನೆಲೆಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಕಟ್ಟಿಸಿದವರ ನೆನಪು: ಅರಸ, ಪಾಳೆಯಗಾರ, ಗೌಡ ಅಥವಾ ಪುಣ್ಯವಂತೆಯಾದ ಒಬ್ಬ ಹೆಣ್ಣುಮಗಳು. ಎರಡನೆಯದು ತೆತ್ತವರ ನೆನಪು. ‘ಕೆರೆಗೆ ಹಾರ’ದ ಭಾಗೀರಥಿಯ ಕಥನ ಇದಕ್ಕೆ ಎಲ್ಲರಿಗೂ ತಿಳಿದಿರುವ ನಿದರ್ಶನ. ಕೆರೆಯನ್ನು ಕಟ್ಟಿಸಿದ ಗೌಡನಿಗಿಂತ, ಕೆರೆಯಲ್ಲಿ ನೀರು ನಿಲ್ಲಲೆಂದು ಬಲಿಯಾದ ಕಿರಿಯ ಸೊಸೆಯೇ ಅಲ್ಲಿ ಜನರ ಮನಸ್ಸನ್ನು ತುಂಬುತ್ತಾಳೆ.

ಶಾಸನಗಳ ಪರಂಪರೆ ಇದಕ್ಕೆ ಪೂರಕವಾದ ಇನ್ನೊಂದು ಮಾದರಿಯನ್ನು ಒದಗಿಸುತ್ತದೆ. ಕನ್ನಡದ ದಾನಶಾಸನವೊಂದು ಸಾಮಾನ್ಯವಾಗಿ ಕೊಟ್ಟವನನ್ನೂ ಪಡೆದವನನ್ನೂ ಹೆಸರಿಸುತ್ತದೆ. ಕೊಟ್ಟ ನೆಲದ ಚತುಸ್ಸೀಮೆಯನ್ನು ವಿವರಿಸುತ್ತದೆ. ದಾನದ ಉದ್ದೇಶವನ್ನೂ ಅದನ್ನು ನಡೆಸಿಕೊಂಡು ಹೋಗಬೇಕಾದವರನ್ನೂ ಗೊತ್ತುಪಡಿಸುತ್ತದೆ. ಧರ್ಮವನ್ನು ಕೆಡಿಸಿದವರಿಗೆ ಶಾಪಾಶಯದೊಡನೆ ಮುಗಿಯುತ್ತದೆ. ಕೆರೆ ಕಟ್ಟಿದವರಿಗೆ ಭೂಮಿಯನ್ನು ಬಿಟ್ಟುಕೊಡುವ ‘ಕಟ್ಟುಕೊಡಗೆ’ಯಂತಹ ಪದ್ಧತಿಗಳೂ ಶಾಸನಗಳಲ್ಲಿ ದಾಖಲಾಗಿವೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ ಈ ದೃಷ್ಟಿಯಿಂದ ಮುಖ್ಯವಾದುದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದನೆಂಬುದನ್ನೂ ಅದಕ್ಕೆ ಬಿಟ್ಟ ದತ್ತಿಗಳನ್ನೂ ಶಾಸನಗಳು ತಿಳಿಸುತ್ತವೆ. ಅಷ್ಟೇ ಅಲ್ಲದೆ, ಗೋಡೆಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳ ಹೆಸರುಗಳೂ ಇವೆ. ಹಣ ಕೊಟ್ಟವನ ಹೆಸರು ಮತ್ತು ಕೈಯಿಂದ ಕಡೆದವನ ಹೆಸರು ಒಂದೇ ಕಟ್ಟಡದಲ್ಲಿ ಉಳಿದಿರುವುದು ಇಲ್ಲಿನ ವಿಶೇಷ.

ಹೀಗೆ ಕಟ್ಟಿಸಿದವರು, ತೆತ್ತವರು, ಕಟ್ಟಿದವರು ಎಂಬ ಮೂರು ನೆಲೆಗಳನ್ನು ಗುರುತಿಸಬಹುದು. ಆಧುನಿಕ ವಿಜ್ಞಾನ ಸಂಸ್ಥೆಯೊಂದರ ಕಟ್ಟಡವನ್ನೂ ಇದೇ ಮೂರು ಪ್ರಶ್ನೆಗಳಿಂದ ನೋಡಬಹುದಾಗಿದೆ.

ಯೋಜನೆಯ ಹಾದಿ: 1898–1909

ಭಾರತೀಯರಿಗೆ ಉನ್ನತ ಸಂಶೋಧನೆಯ ಅವಕಾಶ ಕಲ್ಪಿಸುವ ಸಂಸ್ಥೆಯೊಂದನ್ನು ಸ್ಥಾಪಿಸುವ ಟಾಟಾ ಅವರ ಯೋಜನೆ 1898ರಲ್ಲಿ ಸಾರ್ವಜನಿಕರ ಗಮನಕ್ಕೆ ಬಂದಿತು. ಆ ವರ್ಷದ ನವೆಂಬರ್ 23ರಂದು ಅವರು ಸ್ವಾಮಿ ವಿವೇಕಾನಂದರಿಗೆ ಈ ವಿಷಯವಾಗಿ ಪತ್ರ ಬರೆದರು. ಅವರ ಆಪ್ತರಾದ ಬುರ್ಜೋರ್ಜಿ ಪಾದಶಾ ವಿದೇಶಗಳ ವಿದ್ಯಾಸಂಸ್ಥೆಗಳನ್ನು ಅಭ್ಯಸಿಸಿ ಬಂದಿದ್ದರು. ಡಿಸೆಂಬರ್ ಕೊನೆಯಲ್ಲಿ ಮುಂಬಯಿಗೆ ಬಂದಿಳಿದ ಹೊಸ ವೈಸರಾಯ್ ಲಾರ್ಡ್ ಕರ್ಜನ್ ಅವರಿಗೆ ನಿಯೋಗವೊಂದು ಕರಡು ಯೋಜನೆಯನ್ನು ಸಲ್ಲಿಸಿತು. ಕರ್ಜನ್ ಅವರ ಸಂದೇಹಗಳು ಎರಡು: ಇಂತಹ ಸಂಸ್ಥೆಗೆ ಸಾಕಷ್ಟು ಅರ್ಹ ವಿದ್ಯಾರ್ಥಿಗಳು ದೊರೆಯುವರೇ? ಕಲಿತು ಹೊರಬಂದವರಿಗೆ ಉದ್ಯೋಗವಿದೆಯೇ? ಟಾಟಾ ಅವರು ದತ್ತಿಯೊಡನೆ ತಮ್ಮ ಕುಟುಂಬದ ಆಸ್ತಿ ವ್ಯವಸ್ಥೆಯನ್ನೂ ಜೋಡಿಸಲು ಬಯಸಿದ್ದುದು ವಿಳಂಬಕ್ಕೆ ಮತ್ತೊಂದು ಕಾರಣವಾಯಿತು.

1900ರಲ್ಲಿ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಭಾರತದಲ್ಲಿ ಪ್ರವಾಸ ಮಾಡಿ, ಬೆಂಗಳೂರು ಈ ಸಂಸ್ಥೆಗೆ ತಕ್ಕ ಸ್ಥಳವೆಂದು ಸೂಚಿಸಿದರು. ಬಳಿಕ ಮ್ಯಾಸನ್ ಮತ್ತು ಕ್ಲಿಬ್ಬಾರ್ನ್ ಅವರ ಸಮಿತಿ ಯೋಜನೆಯನ್ನು ಮತ್ತೊಮ್ಮೆ ಪರಿಶೀಲಿಸಿತು. ಯೋಜನೆ ಕೈಗೂಡುವ ಮೊದಲೇ, 1904ರ ಮೇ 19ರಂದು, ಟಾಟಾ ಅವರು ಜರ್ಮನಿಯಲ್ಲಿ ನಿಧನರಾದರು. ಮಕ್ಕಳಾದ ದೊರಾಬ್ಜಿ ಮತ್ತು ರತನ್ ತಂದೆಯ ಮಾತನ್ನು ಉಳಿಸಿಕೊಂಡರು. 1906ರಲ್ಲಿ ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರಾಗಿ ನೇಮಕಗೊಂಡರು. 1909ರ ಮೇ 27ರಂದು ಭಾರತ ಸರ್ಕಾರವು 1890ರ ಧರ್ಮದತ್ತಿ ಕಾಯಿದೆಯ ಅನ್ವಯ ಆಸ್ತಿ ವಹಿಸುವ ಆದೇಶವನ್ನು ಹೊರಡಿಸಿತು.

ಹಣದ ಮೂರು ಮೂಲಗಳು

ಸಂಸ್ಥೆಗೆ ಹಣ ಬಂದದ್ದು ಮೂರು ಮೂಲಗಳಿಂದ. ಮೊದಲನೆಯದು ಟಾಟಾ ದತ್ತಿ. ಮುಂಬಯಿಯಲ್ಲಿದ್ದ, ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಸ್ಥಿರಾಸ್ತಿಗಳಿಂದ ವರ್ಷಕ್ಕೆ ಸುಮಾರು 1,25,000 ರೂಪಾಯಿ ವರಮಾನ ನಿರೀಕ್ಷಿತವಾಗಿತ್ತು. ಎರಡನೆಯದು ಮೈಸೂರು ಸಂಸ್ಥಾನದ ಕೊಡುಗೆ. ಬೆಂಗಳೂರಿನಲ್ಲಿ ಸುಮಾರು 371 ಎಕರೆ ಜಮೀನು ಉಚಿತ, ಕಟ್ಟಡ ಮೊದಲಾದ ಬಂಡವಾಳ ವೆಚ್ಚಕ್ಕೆ 5 ಲಕ್ಷ ರೂಪಾಯಿ, ಮತ್ತು 50,000 ರೂಪಾಯಿಗಳ ವಾರ್ಷಿಕ ಅನುದಾನ. ಮೂರನೆಯದು ಭಾರತ ಸರ್ಕಾರದ ವಾರ್ಷಿಕ ಅನುದಾನ. ಇದನ್ನು ಸ್ಥಳೀಯ ಮೂಲಗಳ ವರಮಾನದ ಅರ್ಧದಷ್ಟು ಎಂಬ ಸೂತ್ರದ ಮೇಲೆ ಗೊತ್ತುಮಾಡಲಾಗಿತ್ತು. ಅದು 87,500 ರೂಪಾಯಿಗಳಷ್ಟಾಯಿತು.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ವಾರ್ಷಿಕ ವರಮಾನದ ಒಟ್ಟು ಮೊತ್ತ 2,62,500 ರೂಪಾಯಿ. ಅದರಲ್ಲಿ ಮೈಸೂರಿನ ನೇರ ಪಾಲು ಐದನೆಯ ಒಂದು ಭಾಗಕ್ಕೆ ಸಮೀಪವಾದುದು. ಭಾರತ ಸರ್ಕಾರದ ಅನುದಾನವು ಸ್ಥಳೀಯ ವರಮಾನವನ್ನು ಅವಲಂಬಿಸಿದ್ದುದರಿಂದ, ಮೈಸೂರು ಕೊಟ್ಟ 50,000 ರೂಪಾಯಿಗಳು ಮತ್ತೆ 25,000 ರೂಪಾಯಿಗಳನ್ನು ತಂದುಕೊಟ್ಟವು. ಸಂಸ್ಥೆಯು ನಡೆಯಲು ಟಾಟಾ ದತ್ತಿ ಬೆನ್ನೆಲುಬಾಗಿತ್ತು, ನಿಜ. ಆದರೆ ಅದು ನಿಲ್ಲಲು ನೆಲವನ್ನೂ ನೆಲದ ಮೇಲೆ ಕಟ್ಟಡ ಏಳಲು ದೊಡ್ಡ ಮೊತ್ತವನ್ನೂ ಕೊಟ್ಟದ್ದು ಮೈಸೂರಿನ ಬೊಕ್ಕಸ.

ಬೊಕ್ಕಸದ ಹಿಂದಿನ ಜನ

ಮೈಸೂರಿನ ಕೊಡುಗೆ ಸಮೃದ್ಧಿಯ ಕಾಲದಲ್ಲಿ ಬಂದುದಲ್ಲ ಎಂಬುದು ಗಮನಾರ್ಹ. ಯೋಜನೆಯ ಮಾತುಕತೆಗಳು ಆರಂಭವಾದಾಗ ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗ್ ಸಂಸ್ಥಾನವನ್ನು ತತ್ತರಿಸುವಂತೆ ಮಾಡಿತ್ತು. ಮೈಸೂರು ಬ್ರಿಟಿಷರಿಗೆ ತೆರಬೇಕಾಗಿದ್ದ ವಾರ್ಷಿಕ ಪೊಗದಿ 1896ರಿಂದ 24.5 ಲಕ್ಷದಿಂದ 35 ಲಕ್ಷ ರೂಪಾಯಿಗಳಿಗೆ ಏರಿತ್ತು. ಇದೇ ಅವಧಿಯಲ್ಲಿ ಶಿವನಸಮುದ್ರದ ಜಲವಿದ್ಯುತ್ ಯೋಜನೆಯೂ ಕೈಗೆತ್ತಿಕೊಳ್ಳಲ್ಪಟ್ಟು, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತು ಹರಿಯಿತು.

ಬೊಕ್ಕಸ ಎಂಬ ಪದ ಅಮೂರ್ತವಾದುದು. ಅದರ ಹಿಂದೆ ಇದ್ದುದು ಭೂಕಂದಾಯ, ಅಬಕಾರಿ, ಅರಣ್ಯ ಮತ್ತು ಗಣಿಗಳ ರಾಜಧನ. ಹುಲ್ಲಹಳ್ಳಿ ನಾಲೆಯ ಕೆಳಗಿನ ಗದ್ದೆಯ ಒಕ್ಕಲು ಕಟ್ಟುತ್ತಿದ್ದ ಕಂದಾಯವೂ ಅದರಲ್ಲಿ ಸೇರಿತ್ತು. ಹುಲ್ಲಹಳ್ಳಿಯ ಕಟ್ಟೆಯನ್ನು ದಾಟಿದ ಕಪಿಲೆಯ ನೀರು ನಂಜನಗೂಡನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. ಬೆಂಗಳೂರಿನ ಆಧುನಿಕತೆಗೆ ಈ ಸೀಮೆಯ ನೀರೂ ತೆರಿಗೆಯೂ ಜೊತೆಯಾಗಿಯೇ ಹರಿದುಹೋದವು. ಆದರೆ ನೀರಿನ ಹಾದಿ ಕಣ್ಣಿಗೆ ಕಾಣುತ್ತದೆ, ತೆರಿಗೆಯ ಹಾದಿ ಕಾಣುವುದಿಲ್ಲ. ಹತ್ತು ಗದ್ದೆಗಳಿಗೆ ನೀರು ಹಂಚುವ ನೀರಗಂಟಿಯನ್ನು ಊರು ಬಲ್ಲದು. ತನ್ನ ಕಂದಾಯದ ಒಂದಂಶ ದೂರದ ಪ್ರಯೋಗಾಲಯದ ಗೋಡೆಯಾಯಿತೆಂಬುದನ್ನು ತಿಳಿಯುವ ದಾರಿ ಒಕ್ಕಲಿಗೆ ಇರಲಿಲ್ಲ.

ಆದೇಶವೆಂಬ ಆಧುನಿಕ ಶಾಸನ

1909ರ ಆದೇಶವನ್ನು ದಾನಶಾಸನದ ಪಕ್ಕದಲ್ಲಿರಿಸಿ ಓದುವುದು ಉಪಯುಕ್ತ. ದತ್ತಿಯಾದ ಆಸ್ತಿ ಯಾವುದು, ಅದರ ಉದ್ದೇಶವೇನು, ಆಡಳಿತ ನಡೆಸುವವರು ಯಾರು ಎಂಬಂತಹ ಸಂಗತಿಗಳನ್ನು ಗೊತ್ತುಪಡಿಸುವುದು ಎರಡರ ಕೆಲಸವೂ ಹೌದು. ಶಾಪಾಶಯದ ಜಾಗದಲ್ಲಿ ಕಾನೂನು ಬಂದಿದೆ. ಧರ್ಮ ಕೆಡಿಸಿದವನನ್ನು ಹಿಂದೆ ಪಾಪಭಯ ತಡೆಯಬೇಕಾಗಿತ್ತು. ಈಗ ಆ ಹೊಣೆ ಕಾಯಿದೆಯದು.

ಆದರೆ ಮುಖ್ಯವಾದ ವ್ಯತ್ಯಾಸವೊಂದಿದೆ. ಶಾಸನವು ಊರಿನ ನಡುವೆ, ದೇವಾಲಯದ ಮುಂದೆ ಅಥವಾ ಕೆರೆಯ ಏರಿಯ ಮೇಲೆ ನಿಂತಿರುತ್ತಿತ್ತು. ಓದಲು ಬಾರದವನಿಗೂ ಆ ಕಲ್ಲು ಏನನ್ನು ಸಾರುತ್ತದೆಂಬುದು ಗೊತ್ತಿರುತ್ತಿತ್ತು. ಸೂರ್ಯ, ಚಂದ್ರ, ಹಸು, ಕರುಗಳ ಚಿಹ್ನೆಗಳೇ ಅವನಿಗೆ ಅಕ್ಷರ. ಹೊಸ ಆದೇಶ ಇಂಗ್ಲಿಷಿನಲ್ಲಿತ್ತು, ಕಡತದಲ್ಲಿತ್ತು. ಅದು ಜನರ ಬಾಯಿಗೆ ಬರುವ ಮಾರ್ಗವಿರಲಿಲ್ಲ. ಮೈಸೂರಿನ ಪಾಲು ಮರೆತುಹೋದುದಕ್ಕೆ ಇದು ಮೊದಲ ಕಾರಣವೆಂದು ಹೇಳಬಹುದು.

ಕಟ್ಟಡ

1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಸಂಸ್ಥೆಗೆ ಶಂಕುಸ್ಥಾಪನೆ ಮಾಡಿದರು. ಅದೇ ವರ್ಷ ಜುಲೈ 24ರಂದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಾಂತ್ರಿಕ ವಿಭಾಗಗಳಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಪ್ರವೇಶ ಪಡೆದರು. ಸಂಸ್ಥೆಯ ಗುರುತಾಗಿರುವ, ನಡುವೆ ಗೋಪುರವುಳ್ಳ ಕಲ್ಲಿನ ಮುಖ್ಯ ಕಟ್ಟಡವು 1912–13ರ ಅವಧಿಯದು. ಇದರ ವಾಸ್ತುಶಿಲ್ಪಿ ಮುಂಬಯಿಯ ಸಿ.ಎಫ್. ಸ್ಟೀವನ್ಸ್, ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣವನ್ನು ರೂಪಿಸಿದ ಎಫ್.ಡಬ್ಲ್ಯು. ಸ್ಟೀವನ್ಸ್ ಅವರ ಮಗ. ಕಟ್ಟಡದ ಮುಂದೆ ಗಿಲ್ಬರ್ಟ್ ಬೇಯ್ಸ್ ರೂಪಿಸಿದ ಟಾಟಾ ಸ್ಮಾರಕ ಪ್ರತಿಮೆ 1922ರಲ್ಲಿ ಸ್ಥಾಪನೆಗೊಂಡಿತು.

ಸೋಮನಾಥಪುರದ ಮಾದರಿಯನ್ನು ಇಲ್ಲಿ ನೆನೆಯಬೇಕು. ದಾನಿಯ ಪ್ರತಿಮೆ ಇದೆ; ಶಂಕುಸ್ಥಾಪನೆ ಮಾಡಿದ ಅರಸರ, ನಕ್ಷೆ ಬರೆದ ವಾಸ್ತುಶಿಲ್ಪಿಯ, ಪ್ರತಿಮೆ ಮಾಡಿದ ಶಿಲ್ಪಿಯ ಹೆಸರುಗಳು ಇತಿಹಾಸದಲ್ಲಿವೆ. ಕಲ್ಲು ಸೀಳಿದವರು, ಉಳಿಯಿಂದ ಮಟ್ಟ ಮಾಡಿದವರು, ಗಾರೆ ಅರೆದವರು, ಸಾರುವೆಯ ಮೇಲೆ ಕಲ್ಲು ಹೊತ್ತು ಏರಿದ ಗಂಡಸರು, ಹೆಂಗಸರು ಹೆಸರಿಲ್ಲದೆ ಉಳಿದಿದ್ದಾರೆ. ಹಳೆಯ ಮೈಸೂರು ಪ್ರಾಂತದಲ್ಲಿ ಕಲ್ಲು, ಮಣ್ಣಿನ ಕೆಲಸವನ್ನು ಕುಲಕಸುಬಾಗಿ ಉಳಿಸಿಕೊಂಡು ಬಂದ ಭೋವಿ ಮೊದಲಾದ ಸಮುದಾಯಗಳ ಕೆಲಸದ ಹಾಡುಗಳನ್ನೂ ಕಲ್ಲಿನ ಜ್ಞಾನವನ್ನೂ ಜಾನಪದ ವಿದ್ವಾಂಸರು ಸಂಗ್ರಹಿಸಬೇಕಾದುದು ಈ ಕಾರಣದಿಂದಲೂ ಅಗತ್ಯ. ಮಲ್ಲಿತಮ್ಮನಿಗೆ ಹೊಯ್ಸಳರ ಕಾಲ ಕೊಟ್ಟ ಮರ್ಯಾದೆಯನ್ನು 20ನೆಯ ಶತಮಾನ ತನ್ನ ಕಲ್ಲುಕುಟಿಗನಿಗೆ ಕೊಡಲಿಲ್ಲ.

ಜನಸ್ಮೃತಿಯ ತರ್ಕ

ಹಾಗಾದರೆ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂಬ ಹೆಸರು ತಪ್ಪೇ? ಮೌಖಿಕ ಪರಂಪರೆಯನ್ನು ತಪ್ಪು, ಸರಿ ಎಂದು ಅಳೆಯುವುದಕ್ಕಿಂತ ಅದರ ತರ್ಕವನ್ನು ಅರಿಯುವುದು ಮುಖ್ಯ. ಜನಸ್ಮೃತಿಗೆ ದಾನ ಎಂದರೆ ಒಬ್ಬ ವ್ಯಕ್ತಿಯ ತ್ಯಾಗ. ಅದಕ್ಕೆ ಮುಖ ಬೇಕು, ಕಥೆ ಬೇಕು. ಕನ್ನಂಬಾಡಿ ಕಟ್ಟೆಯ ನಿರ್ಮಾಣಕ್ಕಾಗಿ ಅರಮನೆಯ ಒಡವೆಗಳನ್ನು ಮಾರಿ ಹಣ ಒದಗಿಸಲಾಯಿತೆಂಬ ಮಾತು ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಇದರ ಐತಿಹಾಸಿಕತೆಯ ಚರ್ಚೆ ಬೇರೆ. ವರ್ಷವರ್ಷದ ಆಯವ್ಯಯದಿಂದ ಕಟ್ಟೆ ಎದ್ದಿತೆಂಬ ವಿವರಕ್ಕಿಂತ, ಹೆಣ್ಣೊಬ್ಬಳು ಮೈಮೇಲಿನ ಒಡವೆಯನ್ನು ಬಿಚ್ಚಿಕೊಟ್ಟಳೆಂಬ ಚಿತ್ರ ಜನರಿಗೆ ನಂಬಿಕೆಯದು. ಅದು ಭಾಗೀರಥಿಯ ಕಥನದ ಮನೋಧರ್ಮಕ್ಕೆ ಹತ್ತಿರವಾದುದು.

ವಿಜ್ಞಾನ ಸಂಸ್ಥೆಯ ವಿಷಯದಲ್ಲಿಯೂ ಇದೇ ನಡೆದಿದೆ. ತನ್ನ ಹೆಸರು ಬೇಡವೆಂದ, ಸಂಸ್ಥೆ ಕಣ್ತುಂಬುವ ಮೊದಲೇ ತೀರಿಕೊಂಡ ದಾನಿಯ ಬದುಕಿನಲ್ಲಿ ಕಥೆಗೆ ಬೇಕಾದ ಆಕಾರವಿತ್ತು. 1893ರಲ್ಲಿ ಹಡಗಿನಲ್ಲಿ ಟಾಟಾ ಮತ್ತು ವಿವೇಕಾನಂದರು ಜೊತೆಯಾಗಿ ಪಯಣಿಸಿದ ಪ್ರಸಂಗ ಅದಕ್ಕೆ ಮತ್ತಷ್ಟು ಮೆರುಗು ಕೊಟ್ಟಿತು. ಮೈಸೂರಿನ ಕೊಡುಗೆಗೆ ಇಂತಹ ಒಂದು ಮುಖ ದೊರೆಯಲಿಲ್ಲ. ರೀಜೆಂಟ್ ಮಹಾರಾಣಿ, ನಂತರ ನಾಲ್ವಡಿಯವರು, ಶೇಷಾದ್ರಿ ಅಯ್ಯರ್ ಅವರಿಂದ ಮೊದಲ್ಗೊಂಡು ಒಬ್ಬರ ಬಳಿಕ ಒಬ್ಬರಂತೆ ಬಂದ ದಿವಾನರು, ಹೀಗೆ ಅದು ಹಲವರ ಕೈ ದಾಟಿತು. ಎಲ್ಲಕ್ಕಿಂತ ಹೆಚ್ಚಾಗಿ ಅದು ಲಕ್ಷಾಂತರ ಜನರ ತೆರಿಗೆಯಾಗಿತ್ತು. ಎಲ್ಲರೂ ಕೊಟ್ಟುದಕ್ಕೆ ಯಾರ ಹೆಸರೂ ಇಲ್ಲವಾಯಿತು.

ಮರಳಿ ಬಂದುದು

ದಾನದ ಫಲ ಕೊಟ್ಟವರಿಗೆ ಮರಳಿತೇ ಎಂಬುದೂ ವಿಚಾರಣೀಯ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಮರ ಹರಾಜಾಗಿ, ಬಹುಪಾಲು ಎಣ್ಣೆ ತೆಗೆಯಲು ಜರ್ಮನಿಗೆ ರಫ್ತಾಗುತ್ತಿತ್ತು. 1914ರಲ್ಲಿ ಯುದ್ಧದಿಂದಾಗಿ ಆ ಮಾರುಕಟ್ಟೆ ನಿಂತಿತು. ಆಗ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರು ಗಂಧದೆಣ್ಣೆ ಬಟ್ಟಿಯಿಳಿಸುವ ಪ್ರಯೋಗಗಳನ್ನು ನಡೆಸಿದರು. ಅದರ ಫಲವಾಗಿ 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಗಳು ಆರಂಭವಾದವು. ಸಂಸ್ಥಾನ ಕೊಟ್ಟ ಹಣ ಕೆಲವೇ ವರ್ಷಗಳಲ್ಲಿ ಸಂಸ್ಥಾನಕ್ಕೆ ಉದ್ಯಮವಾಗಿ ಮರಳಿತು.

ಆದರೆ ಒಕ್ಕಲಿನ ಹೊಲದ ಅಂಚಿನಲ್ಲಿ ತಾನಾಗಿ ಬೆಳೆದ ಗಂಧದ ಮರವೂ ಆಗ ಸರ್ಕಾರದ ಸ್ವತ್ತಾಗಿತ್ತು. ಭೂಮಾಲೀಕನೇ ತನ್ನ ನೆಲದ ಗಂಧದ ಮರದ ಒಡೆಯನೆಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ. ಹೀಗಾಗಿ ಫಲ ಮರಳಿದ್ದು ಬೊಕ್ಕಸಕ್ಕೆ. ಬೊಕ್ಕಸ ತುಂಬಿದವನ ಹೊಲಕ್ಕಲ್ಲ.

ಒಂದು ಶತಮಾನದ ಬಳಿಕ

ಈ ಪ್ರಶ್ನೆಗಳು ಇತಿಹಾಸಕ್ಕಷ್ಟೇ ಸೀಮಿತವಲ್ಲ. 21ನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ ಕರ್ನಾಟಕ ಸರ್ಕಾರವು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇದೇ ಸಂಸ್ಥೆಯ ಎರಡನೆಯ ಆವರಣಕ್ಕಾಗಿ 1,500 ಎಕರೆ ಭೂಮಿಯನ್ನು ಒದಗಿಸಿತು. ಅದು ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಅರಸರ ಕಾಲದಿಂದ ದನಗಳಿಗೆಂದು ಮೀಸಲಾಗಿದ್ದ ಇಂತಹ ಕಾವಲುಗಳನ್ನು ಅವಲಂಬಿಸಿ ಬದುಕಿದ ಊರುಗಳು ಅಲ್ಲಿವೆ. ದೇವರ ಎತ್ತುಗಳನ್ನು ಸಾಕುವ ಮ್ಯಾಸಬೇಡರು, ಅವುಗಳನ್ನು ಕಾಯುವ ಕಿಲಾರಿಗಳು, ಜುಂಜಪ್ಪನ ಕಾವ್ಯವನ್ನು ಹಾಡುವ ಕಾಡುಗೊಲ್ಲರು ಆ ಸೀಮೆಯವರು. ವಿವಿಧ ಸಂಸ್ಥೆಗಳಿಗೆ ಕಾವಲಿನ ಭೂಮಿ ಹಂಚಿಕೆಯಾದುದನ್ನು ಗ್ರಾಮಸ್ಥರು ವಿರೋಧಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಬಂದಿತು. 1907ರ 371 ಎಕರೆಗೂ ಈ 1,500 ಎಕರೆಗೂ ನಡುವೆ ನೂರು ವರ್ಷಗಳ ಅಂತರವಿದ್ದರೂ ದಾನದ ಭಾಷೆ ಒಂದೇ ಆಗಿದೆ: ಕಾಗದದಲ್ಲಿ ಕೊಡುವುದು ಸರ್ಕಾರ, ನೆಲದಲ್ಲಿ ಬಿಡುವುದು ಜನ.

ಮತ್ತೊಂದೆಡೆ, 2022ರಲ್ಲಿ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಗಳ ಆಸ್ಪತ್ರೆಗಾಗಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿಗಳನ್ನು ಘೋಷಿಸಿದರು. ಆಸ್ಪತ್ರೆಗೆ ದಾನಿಗಳ ಹೆಸರನ್ನೇ ಇಡಲಾಗಿದೆ. ಹೆಸರು ಬೇಡವೆಂದ ದಾನಿಯಿಂದ ಆರಂಭವಾದ ಸಂಸ್ಥೆಯಲ್ಲಿ ದಾನಿಯ ಹೆಸರು ಕಟ್ಟಡದ ಹೆಸರಾದುದು ಕಾಲದ ಬದಲಾವಣೆ. ಇದರಲ್ಲಿ ಆಕ್ಷೇಪಕ್ಕೆ ಕಾರಣವಿಲ್ಲ. ಹಳೆಯ ಶಾಸನಗಳೂ ದಾನಿಯನ್ನು ಹೆಸರಿಸಿಯೇ ಆರಂಭವಾಗುತ್ತಿದ್ದವು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಸಾರ್ವಜನಿಕ ವಿಜ್ಞಾನ ಕಟ್ಟಡವೊಂದರ ಚರಿತ್ರೆಯನ್ನು ಬರೆಯುವವರು ಮೂರು ಬಗೆಯ ಆಕರಗಳನ್ನು ಜೊತೆಯಾಗಿ ಬಳಸಬೇಕೆಂಬುದು ತಿಳಿಯುತ್ತದೆ. ಆದೇಶ ಮತ್ತು ಲೆಕ್ಕಪತ್ರಗಳು ಯಾರು ಎಷ್ಟು ಕೊಟ್ಟರೆಂಬುದನ್ನು ಹೇಳುತ್ತವೆ. ಜನಬಳಕೆಯ ಹೆಸರು ಮತ್ತು ಐತಿಹ್ಯಗಳು ಯಾರನ್ನು ನೆನೆಯಲಾಯಿತೆಂಬುದನ್ನು ಹೇಳುತ್ತವೆ. ಕಸುಬಿನ ಸಮುದಾಯಗಳ ಹಾಗೂ ನೆಲ ಬಿಟ್ಟವರ ಮೌಖಿಕ ಪರಂಪರೆಯು ಇವೆರಡರಲ್ಲಿಯೂ ಬಿಟ್ಟುಹೋದುದನ್ನು ಹೇಳಬಲ್ಲದು. ಟಾಟಾ ಅವರ ಔದಾರ್ಯವನ್ನು ಕಿರಿದುಗೊಳಿಸುವ ಅಗತ್ಯ ಇದಕ್ಕಿಲ್ಲ. ಅವರ ದತ್ತಿಯಿಲ್ಲದೆ ಮೈಸೂರಿನ ನೆಲ ಪಾಳುಬೀಳುತ್ತಿತ್ತು, ಮೈಸೂರಿನ ನೆಲವಿಲ್ಲದೆ ಅವರ ದತ್ತಿ ಬೇರೆ ಊರನ್ನು ಅರಸುತ್ತಿತ್ತು. ಸಂಸ್ಥೆಯ ಕಲ್ಲಿನ ಗೋಡೆಗಳಲ್ಲಿ ಮುಂಬಯಿಯ ಬಾಡಿಗೆಯೂ ಕಪಿಲಾ ದಂಡೆಯ ಕಂದಾಯವೂ ಬೇರ್ಪಡಿಸಲಾಗದಂತೆ ಬೆರೆತಿವೆ. ನಮ್ಮ ಗ್ರಂಥಾಲಯಗಳೂ ಪತ್ರಾಗಾರಗಳೂ ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದಿಡಬೇಕು.